ಸ್ಕೋಪ್ ಕೊಳ್ಳೋಕೆ ಹೋದವನ ಲೆಕ್ಕ

ಏಪ್ರಿಲ್‌ನಲ್ಲಿ ಒಂದು ದಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಮಧ್ಯದಲ್ಲಿ ಅಪ್ಪನ ಫೋನ್ ಬಂತು. "ಮೋಟರ್ ಸುಟ್ಟೋಯ್ತು ಕಣಪ್ಪಾ. ನಿನ್ ಪೆಟ್ಟಿಗೆ ಆಫ್ ಮಾಡ್ಲಿಲ್ಲ."

'ನಿನ್ ಪೆಟ್ಟಿಗೆ' ಅಂದರೆ ಅರಸೀಕೆರೆಯ ನಮ್ಮ ಮನೆ ಬೋರ್‌ವೆಲ್ಲಿಗೆ ನಾನು ಮಾಡಿಕೊಟ್ಟಿದ್ದ ಕಂಟ್ರೋಲರ್. ಒಂದು ಇಎಸ್‌ಪಿ32 ಬೋರ್ಡ್, ಒಂದು ರಿಲೇ, ಬೋರ್ ಬಾಯಿಯ ಪೈಪಿಗೆ ಒಂದು ಫ್ಲೋ ಸೆನ್ಸರ್. ನೀರು ಹರಿದಾಗ ಸೆನ್ಸರ್ ಒಳಗಿನ ಚಕ್ರ ತಿರುಗಿ ಪಲ್ಸ್ ಕೊಡತ್ತೆ, ಪಲ್ಸ್ ನಿಂತರೆ ನೀರಿಲ್ಲ ಅಂತ ಅರ್ಥ, ಹತ್ತು ಸೆಕೆಂಡ್ ನೋಡಿ ಮೋಟರ್ ಆಫ್. ಮೇಜಿನ ಮೇಲೆ ನೂರು ಸಲ ಟೆಸ್ಟ್ ಮಾಡಿದ್ದೆ. ಬಾಯಲ್ಲಿ ಊದಿ ಚಕ್ರ ತಿರುಗಿಸಿದರೆ ಆನ್, ಊದೋದು ನಿಲ್ಲಿಸಿದರೆ ಆಫ್. ಬೇಸಿಗೆಯಲ್ಲಿ ಬೋರ್ ಒಣಗಿದಾಗ ಮೋಟರ್ ಉಳಿಸೋದೇ ಅದರ ಕೆಲಸ. ಅದೊಂದೇ ಕೆಲಸ ಅದು ಮಾಡಲಿಲ್ಲ. ಪಂಪ್ ಮೇಲೆತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ₹9,000 ಹೋಯ್ತು. ನಾಲ್ಕು ದಿನ ಟ್ಯಾಂಕರ್ ನೀರು ಬೇರೆ.

ಅಪ್ಪ ಬೈಯಲಿಲ್ಲ. ಕಂಟ್ರೋಲರ್‌ನ ವೈರ್ ಕಿತ್ತಿಟ್ಟು, ದಿನಾ ಬೆಳಗ್ಗೆ ಐದೂವರೆಗೆ ಎದ್ದು ಮೋಟರ್ ಹಾಕಿ, ನೀರು ನಿಲ್ಲೋವರೆಗೂ ಪೈಪಿನ ಪಕ್ಕ ನಿಂತುಕೊಳ್ಳೋಕೆ ಶುರುಮಾಡಿದರು. ಅರವತ್ತೆಂಟು ವರ್ಷ ಅವರಿಗೆ. ಬೈದಿದ್ದರೆ ವಾಸಿಯಿತ್ತು.

ನಾನು ಸಾಫ್ಟ್‌ವೇರಿನವನು. ಏನು ಕೆಟ್ಟರೂ ಮೊದಲು ಕೋಡ್ ಮೇಲೇ ಅನುಮಾನ. ಮೂರು ಶನಿವಾರ ಕೂತು ಮೂರು ಸಲ ಬರೆದೆ. ಇಂಟರಪ್ಟ್ ಬದಲಾಯಿಸಿದೆ, ಟೈಮರ್ ಬದಲಾಯಿಸಿದೆ, ಲೈಬ್ರರಿ ಬದಲಾಯಿಸಿದೆ. ಮೇಜಿನ ಮೇಲೆ ಎಲ್ಲವೂ ಸರಿ. ಮೋಟರ್ ಸುಟ್ಟ ದಿನದ ಲಾಗ್ ಕೂಡ ನೋಡಿದ್ದೆ. ಪಲ್ಸ್ ಬರ್ತಾನೇ ಇತ್ತು, ಅಂದರೆ ಪೆಟ್ಟಿಗೆಯ ಪ್ರಕಾರ ನೀರು ಚೆನ್ನಾಗಿ ಬರ್ತಿತ್ತು! ಮಲ್ಟಿಮೀಟರ್ ಇಟ್ಟರೆ ಮೂರು ಚಿಲ್ಲರೆ ವೋಲ್ಟ್ ಅನ್ನತ್ತೆ, ಅಷ್ಟೇ. ಅದು ಸರಾಸರಿ ಹೇಳೋ ಯಂತ್ರ, ಸೆಕೆಂಡಿನ ಒಳಗೆ ಏನು ನಡೀತು ಅಂತ ಅದಕ್ಕೆ ಗೊತ್ತಾಗಲ್ಲ.

ಅದಕ್ಕೇ ಆಸಿಲೋಸ್ಕೋಪ್ ಬೇಕು ಅಂತ ತೀರ್ಮಾನಿಸಿದ್ದು. ನಿಜ ಹೇಳಬೇಕಂದ್ರೆ ಆಸೆ ಮೊದಲಿಂದ ಇತ್ತು, ಈಗ ನೆಪ ಸಿಕ್ತು.

ಇಂಜಿನಿಯರಿಂಗ್ ಓದಿದವರಿಗೆ ನೆನಪಿರತ್ತೆ, ಲ್ಯಾಬಿನಲ್ಲಿ ಅದನ್ನ ಯಾರೂ ಸ್ಕೋಪ್ ಅಂತಿರಲಿಲ್ಲ, 'ಸಿಆರ್‌ಒ' ಅಂತಿದ್ವಿ. ಹಸಿರು ಗೆರೆಯ ಭಾರದ ಡಬ್ಬ. ಒಂದಕ್ಕೆ ನಾಲ್ಕು ಜನ, ಒಬ್ಬ ನಾಬ್ ತಿರುಗಿಸೋನು, ಒಬ್ಬ ಗ್ರಾಫ್ ಹಾಳೆ ಹಿಡಿಯೋನು, ಉಳಿದಿಬ್ಬರು ಹೋದ ವರ್ಷದ ರೆಕಾರ್ಡ್ ನೋಡಿ ಬರೆಯೋರು. ನಾನು ಉಳಿದಿಬ್ಬರಲ್ಲಿ ಒಬ್ಬ. ಆ ಪಾಪಕ್ಕೆ ಈಗ ಪ್ರಾಯಶ್ಚಿತ್ತ.

ನನ್ನ ಬಜೆಟ್ ₹25,000, ಅದೂ ಇಎಂಐನಲ್ಲಿ. ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಬ್ಯಾಂಡ್‌ವಿಡ್ತ್, ಸ್ಯಾಂಪಲ್ ರೇಟ್, ಚಾನೆಲ್, ಮೆಮೊರಿ, ಬಿಟ್, ಬೆಲೆ, ವಾರಂಟಿ ಅಂತ ಹನ್ನೊಂದು ಕಾಲಂ. ರಾತ್ರಿ ಊಟ ಆದಮೇಲೆ ಅದೇ ಓದು. ಎರಡು ವಾರದಲ್ಲಿ ₹25,000 ಇದ್ದದ್ದು ₹45,000ಕ್ಕೆ ಏರಿತ್ತು, ಯಾಕಂದ್ರೆ ಪ್ರತಿ ಮಾಡೆಲ್ಲಿನ ಮೇಲೆ 'ಇನ್ನು ನಾಲ್ಕು ಸಾವಿರ ಹಾಕಿದ್ರೆ' ಅನ್ನೋ ಇನ್ನೊಂದು ಮಾಡೆಲ್ ಇರತ್ತೆ. ಹೆಂಡತಿ ಒಂದು ದಿನ ಪರದೆ ನೋಡಿ, "ಮೋಟರ್ ರಿಪೇರಿಗಿಂತ ಇದೇ ದುಬಾರಿ ಅಲ್ವಾ?" ಅಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಕೊನೆಗೆ ಒಂದು ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿಳಿದು ಎಸ್.ಪಿ. ರೋಡಿಗೆ ನಡೆದೆ. ರೆಸಿಸ್ಟರ್, ವೈರ್, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಎಲ್ಲ ಸಿಗೋ ರಸ್ತೆ ಅದು, ಗೊತ್ತಲ್ಲ. ಒಂದು ಅಂಗಡಿಯಲ್ಲಿ ಟೆಸ್ಟ್ ಸಾಮಾನು ಮಾರೋ ಹಿರಿಯರೊಬ್ಬರು ಕೂತಿದ್ದರು. "100 ಮೆಗಾಹರ್ಟ್ಜ್ ಸ್ಕೋಪ್ ಇದೆಯಾ ಸಾರ್?" ಅಂದೆ.

"ಇದೆ. ಏನ್ ನೋಡ್ಬೇಕು ನಿಮಗೆ?"

"ಸಿಗ್ನಲ್."

"ಅದು ಸರಿ ಸಾರ್. ಯಾವ ಸಿಗ್ನಲ್ಲು?"

ಫ್ಲೋ ಸೆನ್ಸರ್ ಅಂದೆ. ಸೆಕೆಂಡಿಗೆ ಎಷ್ಟು ಪಲ್ಸ್ ಅಂತ ಕೇಳಿದರು. ಮೂವತ್ತು, ನಲವತ್ತು ಅಂದೆ. ಅವರು ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು ಅಷ್ಟೇ. ಮೂವತ್ತು ಹರ್ಟ್ಜ್ ನೋಡೋಕೆ ಹತ್ತು ಕೋಟಿ ಹರ್ಟ್ಜಿನ ಯಂತ್ರ ಕೇಳ್ತಿದ್ದೆ. ಆದರೂ ನನ್ನ ವಾದ ಇತ್ತು. ಕಾಣದೇ ಇರೋ ಗ್ಲಿಚ್ ಏನಾದರೂ ಇರಬಹುದು, ಮೈಕ್ರೋಸೆಕೆಂಡಿನದ್ದು. "ಇರಬಹುದು," ಅಂದರು. "ಮೊದ್ಲು ಊರಿಗೆ ತಗೊಂಡೋಗಕ್ಕೆ ಆಗೋದು ತಗೊಳಿ."

ಇದು ನನ್ನ ಹನ್ನೊಂದು ಕಾಲಮ್ಮಿನಲ್ಲಿ ಇರಲೇ ಇಲ್ಲ. ತೊಂದರೆ ಇರೋದು ಅರಸೀಕೆರೆಯಲ್ಲಿ, ಸ್ಕೋಪ್ ಕೊಳ್ಳೋಕೆ ಹೊರಟಿದ್ದು ಬೆಂಗಳೂರಿನ ಮೇಜಿಗೆ.

ಮೊಬೈಲಿಗಿಂತ ಸ್ವಲ್ಪ ದಪ್ಪ ಇರೋ, ಬ್ಯಾಟರಿಯ ಒಂದು ಪಾಕೆಟ್ ಸ್ಕೋಪನ್ನ ₹4,500ಕ್ಕೆ ತಗೊಂಡು ಬಂದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 100 ಮೆಗಾಹರ್ಟ್ಜ್ ಅಂತ ಬರೆದಿತ್ತು. ಆ ಬೆಲೆಗೆ ಅದು ಸಾಧ್ಯವಾ ಅಂತ ಮನೆಗೆ ಬಂದು ನೋಡಿದೆ. ಪರೀಕ್ಷೆ ಸುಲಭ, ನೀವೂ ಮಾಡಬಹುದು. 74ಎಸಿ14 ಅನ್ನೋ ಚಿಪ್ಪಿನಿಂದ ಒಂದು ಸ್ಕ್ವೇರ್ ವೇವ್ ಮಾಡಿ. ಅದರ ಏರು ಬಹಳ ಚುರುಕು, ಒಂದೆರಡು ನ್ಯಾನೋಸೆಕೆಂಡಿನದು. ಪ್ರೋಬನ್ನ 10ಎಕ್ಸ್‌ಗೆ ಹಾಕಿ, ಗ್ರೌಂಡ್ ವೈರ್ ಆದಷ್ಟು ಗಿಡ್ಡ ಇಟ್ಟು, ನಿಮ್ಮ ಸ್ಕೋಪಿನ ಪರದೆಯಲ್ಲಿ ಆ ಏರು 10 ಪರ್ಸೆಂಟಿನಿಂದ 90 ಪರ್ಸೆಂಟಿಗೆ ಹೋಗೋಕೆ ಎಷ್ಟು ಹೊತ್ತು ತಗೊಳ್ಳತ್ತೆ ನೋಡಿ. 0.35ನ್ನ ಆ ಸಮಯದಿಂದ ಭಾಗಿಸಿದರೆ ಸುಮಾರಾಗಿ ನಿಜವಾದ ಬ್ಯಾಂಡ್‌ವಿಡ್ತ್ ಸಿಗತ್ತೆ. 100 ಮೆಗಾಹರ್ಟ್ಜ್ ಸ್ಕೋಪಾದರೆ 3.5 ನ್ಯಾನೋಸೆಕೆಂಡ್ ಬರಬೇಕು. ನನ್ನದರಲ್ಲಿ ಬಂದಿದ್ದು 35. ಅಂದರೆ 10 ಮೆಗಾಹರ್ಟ್ಜ್. ಡಬ್ಬದ ಮೇಲೆ ಒಂದು ಸೊನ್ನೆ ಜಾಸ್ತಿ ಇತ್ತು.

ಸಿಟ್ಟು ಬಂತು. ಆದರೂ ಅದನ್ನೇ ಬ್ಯಾಗಿಗೆ ಹಾಕಿಕೊಂಡು ಊರಿನ ರೈಲು ಹತ್ತಿದೆ.

ಊರಲ್ಲಿ ಮೊದಲು ಮಾಡಿದ್ದು ಸೆನ್ಸರ್ ಬಿಚ್ಚಿದ್ದು. ಬೋರ್ ಬಾಯಿಯ ಹತ್ತಿರ ಅದರ ಸಿಗ್ನಲ್ ವೈರ್ ಕಿತ್ತು ಟೇಪ್ ಸುತ್ತಿಟ್ಟೆ. ಈಗ ಆ ವೈರಿನ ತುದಿಯಲ್ಲಿ ಏನೂ ಇಲ್ಲ, ಪಡಸಾಲೆಯ ಪೆಟ್ಟಿಗೆಯಲ್ಲಿ ಅದು ಸುಮ್ಮನೆ 3.3 ವೋಲ್ಟಿನಲ್ಲಿ ನೇರ ಗೆರೆಯಾಗಿರಬೇಕು. ಪ್ರೋಬ್ ಸಿಕ್ಕಿಸಿದೆ. ನೇರ ಗೆರೆಯೇ. "ಅಪ್ಪ, ಮೋಟರ್ ಹಾಕಿ," ಅಂದೆ.

ಸ್ಟಾರ್ಟರ್ ಟಕ್ ಅಂತು. ಗೆರೆ ಕುಣಿಯೋಕೆ ಶುರುವಾಯ್ತು.

ಮೇಲೆ ಚಪ್ಪಟೆ, ಕೆಳಗೆ ಬಟ್ಟಲಿನ ಥರ ಇಳಿದು ಮತ್ತೆ ಏರೋ ಅಲೆ. ಒಂದೇ ಸಮನೆ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ 20 ಮಿಲಿಸೆಕೆಂಡ್. ಆ ಸಂಖ್ಯೆ ಈ ದೇಶದಲ್ಲಿ ಬಲ್ಬ್ ಹಾಕಿದ ಯಾರಿಗಾದರೂ ಗೊತ್ತಿರಬೇಕು: ಸೆಕೆಂಡಿಗೆ 50 ಸಲ. ನಮ್ಮ ಮನೆಯ ಕರೆಂಟು.

ಸೆನ್ಸರ್ ವೈರನ್ನೂ ಮೋಟರ್ ಕೇಬಲನ್ನೂ ಒಂದೇ ಪಿವಿಸಿ ಪೈಪಿನಲ್ಲಿ ಹನ್ನೆರಡು ಮೀಟರ್ ಎಳೆದಿದ್ದವನು ನಾನೇ. ಇನ್ನೊಂದು ಪೈಪ್ ಯಾಕೆ ದಂಡ ಅಂತ. ಪಕ್ಕಪಕ್ಕ ಓಡೋ ಎರಡು ವೈರ್ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ, 230 ವೋಲ್ಟಿನ ಒಂದು ತುಣುಕು ಈ ಕಡೆಗೂ ನುಸುಳತ್ತೆ. ನಾನು ಆ ಪಿನ್ನಿಗೆ ಚಿಪ್ಪಿನ ಒಳಗಿನ ಪುಲ್‌ಅಪ್ಪನ್ನೇ ನಂಬಿದ್ದೆ. ಅದು ಸುಮಾರು 45 ಕಿಲೋಓಮ್, ಬಹಳ ಮೆತ್ತನೆಯ ಹಿಡಿತ, ಸಣ್ಣ ತಳ್ಳಾಟಕ್ಕೂ ಬಗ್ಗತ್ತೆ. ಪ್ರತಿ ಬಟ್ಟಲನ್ನೂ ನನ್ನ ಕೋಡ್ ಒಂದು ಪಲ್ಸ್ ಅಂತ ನಿಷ್ಠೆಯಿಂದ ಎಣಿಸಿತ್ತು. ಬೋರ್ ಒಣಗಿದರೂ ಮೋಟರಿಗೆ ಕರೆಂಟ್ ಇರೋವರೆಗೆ 'ನೀರು' ಬರ್ತಾನೇ ಇತ್ತು. ಮೇಜಿನ ಮೇಲೆ ಇದು ಯಾಕೆ ಕಾಣಲಿಲ್ಲ ಅಂದ್ರೆ ನನ್ನ ಮೇಜಿನ ಹತ್ತಿರ ಮೋಟರ್ ಇರಲಿಲ್ಲ.

ಆಮೇಲೆ ಲ್ಯಾಪ್‌ಟಾಪ್ ತೆಗೆದು ಸುಟ್ಟ ದಿನದ ಲಾಗ್ ಮತ್ತೆ ನೋಡಿದೆ. ಸೆಕೆಂಡಿಗೆ ಎಷ್ಟು ಪಲ್ಸ್ ಅಂತ ಸಾಲಾಗಿ ಬರೆದಿತ್ತು. 50, 50, 50, 49, 50, 51, 50. ಎರಡು ಪುಟ. ಮೂರು ಶನಿವಾರ ಅದೇ ಸಂಖ್ಯೆಗಳನ್ನ ನೋಡಿ ನಾನು 'ಹರಿವು ಸ್ಥಿರವಾಗಿದೆ' ಅಂದುಕೊಂಡಿದ್ದೆ. ನಮ್ಮ ಬೋರ್‌ವೆಲ್ ನೀರು ಯಾವತ್ತು ಅಷ್ಟು ಶಿಸ್ತಾಗಿ ಹರಿದಿದೆ?

ಪರಿಹಾರಕ್ಕೆ ಹೆಚ್ಚೇನೂ ಬೇಕಾಗಲಿಲ್ಲ. ಹೊರಗಡೆಯಿಂದ 2.2 ಕಿಲೋಓಮ್‌ನ ಒಂದು ಗಟ್ಟಿ ಪುಲ್‌ಅಪ್, ಪಿನ್ನಿನ ಹತ್ತಿರ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಸೆನ್ಸರ್ ವೈರಿಗೆ ಬೇರೆ ಪೈಪು, ಮೋಟರ್ ಕೇಬಲಿನಿಂದ ಒಂದಡಿ ದೂರ. ಮತ್ತೆ ಪ್ರೋಬ್ ಇಟ್ಟು ಮೋಟರ್ ಹಾಕಿಸಿದೆ. ಗೆರೆ ಅಲುಗಲಿಲ್ಲ. ಸೆನ್ಸರ್ ಜೋಡಿಸಿದೆ, ನೀರು ಬಂತು, ಚೌಕದ ಪಲ್ಸ್ ಬಂತು, ವಾಲ್ವ್ ಪೂರ್ತಿ ಮುಚ್ಚಿದೆ, ಹತ್ತು ಸೆಕೆಂಡಿಗೆ ಮೋಟರ್ ತಾನೇ ನಿಂತಿತು. ಅಪ್ಪ ಇನ್ನೊಂದು ಸಲ ಮಾಡು ಅಂದರು. ಆರು ಸಲ ಮಾಡಿಸಿದರು.

ಈಗ ಸ್ಕೋಪಿನ ವಿಷಯ. ಈ ಅನುಭವ ಆದಮೇಲೆ ಬೆಂಗಳೂರಿಗೆ ಬಂದು ಆ ಸ್ಪ್ರೆಡ್‌ಶೀಟ್ ಮತ್ತೆ ತೆರೆದೆ. ಎಡಗಡೆ ಒಂದು ಹೊಸ ಕಾಲಂ ಸೇರಿಸಿ, ಮುಂದಿನ ಎರಡು ವರ್ಷದಲ್ಲಿ ನಾನು ನಿಜವಾಗ್ಲೂ ನೋಡೋ ಸಿಗ್ನಲ್‌ಗಳನ್ನ ಬರೆದೆ. ಸೆನ್ಸರ್ ಪಲ್ಸ್, ನೂರು ಹರ್ಟ್ಜ್ ಒಳಗೆ. ಆಡಿಯೋ, 20 ಕಿಲೋಹರ್ಟ್ಜ್. ಸೀರಿಯಲ್ 115200, ಒಂದು ಬಿಟ್‌ಗೆ ಸುಮಾರು 8.7 ಮೈಕ್ರೋಸೆಕೆಂಡ್. ಐಸ್ಕ್ವೇರ್‌ಸಿ, 400 ಕಿಲೋಹರ್ಟ್ಜ್. ಪವರ್ ಸಪ್ಲೈಗಳ ರಿಪಲ್, ಕೆಲವು ನೂರು ಕಿಲೋಹರ್ಟ್ಜ್. ಡಿಸ್‌ಪ್ಲೇಗೆ ಹೋಗೋ ಎಸ್‌ಪಿಐ, 20 ಮೆಗಾಹರ್ಟ್ಜ್. ಪಟ್ಟಿ ಅಲ್ಲಿಗೆ ಮುಗೀತು. ಸ್ಕ್ವೇರ್ ವೇವ್ ಚೌಕವಾಗಿ ಕಾಣಬೇಕಾದರೆ ಅದರ ಐದು ಪಟ್ಟು ಬ್ಯಾಂಡ್‌ವಿಡ್ತ್ ಬೇಕು ಅನ್ನೋದು ರೂಢಿಯ ಲೆಕ್ಕ. 20ರ ಐದು ಪಟ್ಟು 100. ಎಸ್‌ಪಿಐ ಬಿಟ್ಟರೆ ಉಳಿದದ್ದಕ್ಕೆಲ್ಲ 50 ಮೆಗಾಹರ್ಟ್ಜ್ ಧಾರಾಳ. ಡಬ್ಬದ ಮೇಲಿನ 100 ನಿಜವೇ ಆಗಿದ್ದರೂ ಅದರ ಅರ್ಥ 'ಅಲ್ಲೀವರೆಗೆ ಎಲ್ಲಾ ಸರಿಯಾಗಿ ಕಾಣತ್ತೆ' ಅಂತಲ್ಲ. 1 ವೋಲ್ಟಿನ ಸೈನ್ ವೇವ್ ಅಲ್ಲಿ ಸುಮಾರು 0.7 ವೋಲ್ಟ್ ಆಗಿ ಕಾಣೋಷ್ಟು ಸೊರಗಿರತ್ತೆ.

ಮೆಗಾಹರ್ಟ್ಜಿಗಿಂತ ನಾನೀಗ ಜಾಸ್ತಿ ಕೇಳೋದು ಮೆಮೊರಿ. ನಮ್ಮ ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥ ಆಗತ್ತೆ: ಲಾಗ್ ಬಫರ್ ಇದ್ದ ಹಾಗೆ. ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ಅಂತ ಬರೆದಿರತ್ತೆ, ಸರಿ, ಆದರೆ ಹತ್ತು ಸಾವಿರ ಸ್ಯಾಂಪಲ್ ಹಿಡಿಸೋ ಜಾಗ ಇದ್ದರೆ ಆ ವೇಗದಲ್ಲಿ 10 ಮೈಕ್ರೋಸೆಕೆಂಡ್ ಮಾತ್ರ ತುಂಬತ್ತೆ. ಒಂದು ಸೆಕೆಂಡ್ ಪೂರ್ತಿ ನೋಡಬೇಕು ಅಂದ್ರೆ ವೇಗವನ್ನ ಸೆಕೆಂಡಿಗೆ ಹತ್ತು ಸಾವಿರಕ್ಕೆ ಇಳಿಸುತ್ತೆ, ಆಗ ಮಧ್ಯದ ಸಣ್ಣ ಗ್ಲಿಚ್ ಕಾಣದೇ ಹೋಗತ್ತೆ. ಕೆಲವು ಮಿಲಿಯನ್ ಪಾಯಿಂಟ್ ಮೆಮೊರಿ ಇದ್ದರೆ ದೂರದಿಂದ ನೋಡಿ ಆಮೇಲೆ ಝೂಮ್ ಮಾಡಬಹುದು. ಇದರ ಜೊತೆ 'ಸಿಂಗಲ್' ಟ್ರಿಗರ್ ಬಟನ್: ಒಂದು ಸಲ ಮಾತ್ರ ಆಗೋ ಘಟನೆಯನ್ನ ಹಿಡಿದು ನಿಲ್ಲಿಸೋದು. ಕಾಲೇಜಿನ ಸಿಆರ್‌ಒ ಕೈಲಿ ಅದು ಆಗ್ತಿರಲಿಲ್ಲ, ಮತ್ತೆ ಮತ್ತೆ ಬರೋ ಅಲೆ ಮಾತ್ರ ಅದಕ್ಕೆ ಕಾಣ್ತಿತ್ತು. ಅಗ್ಗಕ್ಕೆ ಸಿಗತ್ತೆ ಅಂತ ಹಳೇ ಅನಲಾಗ್ ಸಿಆರ್‌ಒ ತಗೊಳ್ಳೋಕೆ ಹೊರಟವರು ಇದನ್ನ ಯೋಚಿಸಿ. ಎತ್ತೋಕೆ ಇಬ್ಬರು ಬೇಕು ಅನ್ನೋದು ಬೇರೆ ಮಾತು.

ಚಾನೆಲ್ ಎರಡು ಸಾಕಾ, ನಾಲ್ಕು ಬೇಕಾ? ಹವ್ಯಾಸಿಗಳಲ್ಲಿ ವರ್ಷಗಟ್ಟಲೆ ಹೆಸರು ಮಾಡಿದ ರಿಗಾಲ್ ಡಿಎಸ್1054ಝಡ್‌ನಲ್ಲಿ ನಾಲ್ಕು ಚಾನೆಲ್, ಆದರೆ ನಾಲ್ಕನ್ನೂ ಹಾಕಿದರೆ ಸ್ಯಾಂಪಲ್ ರೇಟ್ ಚಾನೆಲ್ಲಿಗೆ ಕಾಲು ಭಾಗಕ್ಕೆ ಇಳಿಯತ್ತೆ. (ಅದು 50 ಮೆಗಾಹರ್ಟ್ಜ್ ಅಂತ ಮಾರಾಟವಾದರೂ ಒಂದು ಸಾಫ್ಟ್‌ವೇರ್ ಕೀಯಿಂದ 100 ಆಗತ್ತೆ. ಹಾರ್ಡ್‌ವೇರ್ ಒಂದೇ, ಬೀಗ ಮಾತ್ರ ಬೇರೆ. ಲೈಸೆನ್ಸ್ ಮಾರೋ ಕಂಪನಿಯಲ್ಲಿ ಕೆಲಸ ಮಾಡೋ ನಾನು ಇದರ ಬಗ್ಗೆ ಹೆಚ್ಚು ಮಾತಾಡಲ್ಲ.) ಅದೇ ಕಂಪನಿಯ ಈಚಿನ ಡಿಎಚ್‌ಒ804ರಲ್ಲಿ 12 ಬಿಟ್ ಇದೆ. ಇದು ಉಪಯೋಗದ ವಿಷಯವೇ: 8 ಬಿಟ್ ಸ್ಕೋಪ್ 8 ವೋಲ್ಟಿನ ಪರದೆಯನ್ನ 256 ಮೆಟ್ಟಿಲು ಮಾಡತ್ತೆ, ಒಂದೊಂದು 31 ಮಿಲಿವೋಲ್ಟ್. 12 ಬಿಟ್ ಆದರೆ 4096 ಮೆಟ್ಟಿಲು, ಒಂದೊಂದು ಸುಮಾರು 2 ಮಿಲಿವೋಲ್ಟ್. ಪವರ್ ಸಪ್ಲೈ, ಆಡಿಯೋ ಕೆಲಸ ಮಾಡೋರಿಗೆ ದುಡ್ಡಿದ್ದರೆ ಅದು ಒಳ್ಳೇದು. ನನ್ನ ₹25,000ದ ಗೆರೆ ದಾಟಿತ್ತು, ಬಿಟ್ಟೆ.

ಕೊನೆಗೆ ತಗೊಂಡಿದ್ದು ಎರಡು ಚಾನೆಲ್ಲಿನ, 100 ಮೆಗಾಹರ್ಟ್ಜ್‌ನ ಒಂದು ಮೇಜಿನ ಸ್ಕೋಪ್. ಬಿಲ್, ವಾರಂಟಿ ಸೇರಿ ₹21,000. ಅಂಗಡಿಯಲ್ಲೇ 74ಎಸಿ14 ಬೋರ್ಡ್ ಜೇಬಿನಿಂದ ತೆಗೆದು ಏರು ನೋಡಿದೆ, ನಾಲ್ಕು ನ್ಯಾನೋಸೆಕೆಂಡಿನ ಆಸುಪಾಸು ಬಂತು. ಅದೇ ಹಿರಿಯರು, ಈ ಸಲ ನಕ್ಕರು. ಉಳಿದ ದುಡ್ಡಿನಲ್ಲಿ ಎಂಟು ಚಾನೆಲ್ಲಿನ ಯುಎಸ್‌ಬಿ ಲಾಜಿಕ್ ಅನಲೈಜರ್ ಒಂದು, ಸಾವಿರ ರೂಪಾಯಿ ಒಳಗೆ. ಪಲ್ಸ್‌ವ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಜೊತೆ ಅದು ಸೀರಿಯಲ್, ಐಸ್ಕ್ವೇರ್‌ಸಿ ಎಲ್ಲಾ ಬಿಡಿಸಿ ಓದತ್ತೆ. ಕೋಡ್ ಬರೆಯೋರು ಬರೀ ಒಂದು ಸೊನ್ನೆಗಳನ್ನ ನೋಡೋದಾದರೆ ಮೊದಲು ಇದನ್ನೇ ತಗೊಳ್ಳಿ, ಸ್ಕೋಪ್ ಒಂದು ವರ್ಷ ತಡೆಯಬಹುದು. ಆದರೆ ನನ್ನ ಮೋಟರಿನ ರೋಗ ಇದಕ್ಕೆ ಸಿಗ್ತಿರಲಿಲ್ಲ. ಬಟ್ಟಲಿನ ಆಕಾರ ಇದಕ್ಕೆ ಕಾಣಲ್ಲ, ಇದೂ ನನ್ನ ಕೋಡಿನ ಹಾಗೆ ಅಲ್ಲಿ ಪಲ್ಸನ್ನೇ ನೋಡ್ತಿತ್ತು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೇಜಿನ ಸ್ಕೋಪಿನ ಪ್ರೋಬಿನಲ್ಲಿರೋ ಮೊಸಳೆ ಕ್ಲಿಪ್ ನೇರವಾಗಿ ಗೋಡೆಯ ಅರ್ತಿಂಗಿಗೆ ಸೇರಿರತ್ತೆ. ಎರಡೂ ಚಾನೆಲ್ಲಿನ ಕ್ಲಿಪ್ ಒಳಗೆ ಒಂದೇ. ಅದನ್ನ ಕರೆಂಟಿನ ಫೇಸ್‌ಗೆ ಸಿಕ್ಕಿಸಿದರೆ ನೇರ ಶಾರ್ಟ್ ಸರ್ಕ್ಯೂಟ್, ಸ್ಕೋಪ್ ಹೋಗತ್ತೆ, ನಿಮ್ಮ ಕೈಯೂ ಹೋಗಬಹುದು. ಇದನ್ನ ತಪ್ಪಿಸೋಕೆ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸೋರನ್ನ ನೋಡಿದ್ದೀನಿ. ಆಗ ಸ್ಕೋಪಿನ ಲೋಹದ ಭಾಗಕ್ಕೇ 230 ವೋಲ್ಟ್ ಬರತ್ತೆ, ಇನ್ನೂ ಕೆಟ್ಟದ್ದು. ಬ್ಯಾಟರಿಯ ಪಾಕೆಟ್ ಸ್ಕೋಪಲ್ಲೂ ಅದೇ ಅಪಾಯ, ಹೊರಗಿನ ಲೋಹ ಜೀವಂತ ಆಗಬಹುದು. ನಾನು ಊರಲ್ಲಿ ಪ್ರೋಬ್ ಇಟ್ಟಿದ್ದು ಅಡಾಪ್ಟರಿನ ಈಚೆ ಕಡೆಯ 3.3 ವೋಲ್ಟಿನ ಪಿನ್ನಿಗೆ. ಸ್ಟಾರ್ಟರ್ ಡಬ್ಬದ ಒಳಗೆ ಕೈ ಹಾಕಿಲ್ಲ, ನೀವೂ ಹಾಕಬೇಡಿ.

ಹೊಸ ಸ್ಕೋಪ್ ಬಂದ ದಿನ ಪ್ರೋಬನ್ನ ಸ್ಕೋಪಿನ ಮುಂದಿರೋ 1 ಕಿಲೋಹರ್ಟ್ಜ್ ಕೊಕ್ಕೆಗೆ ಸಿಕ್ಕಿಸಿ, ಪ್ರೋಬಿನ ಸಣ್ಣ ಸ್ಕ್ರೂ ತಿರುಗಿಸಿ ಮೂಲೆ ಚೌಕ ಆಗೋವರೆಗೆ ಸರಿಮಾಡಿ. ಪ್ರೋಬಿನ ಸ್ವಿಚ್ 10ಎಕ್ಸ್‌ನಲ್ಲೇ ಇರಲಿ. 1ಎಕ್ಸ್‌ಗೆ ಹಾಕಿದರೆ ಸಾಮಾನ್ಯ ಪ್ರೋಬಿನ ಬ್ಯಾಂಡ್‌ವಿಡ್ತ್ ಆರೇಳು ಮೆಗಾಹರ್ಟ್ಜಿಗೆ ಇಳಿಯತ್ತೆ, ಇಪ್ಪತ್ತೊಂದು ಸಾವಿರ ಕೊಟ್ಟು ಪಾಕೆಟ್ ಸ್ಕೋಪಿಗಿಂತ ಕಡಿಮೆ ನೋಡಿದ ಹಾಗೆ.

ಪಾಕೆಟ್ ಸ್ಕೋಪ್ ಅರಸೀಕೆರೆಯಲ್ಲೇ ಬಿಟ್ಟೆ, ಪಡಸಾಲೆಯ ಗೂಡಿನಲ್ಲಿದೆ. ಹೋದ ವಾರ ಫೋನಿನಲ್ಲಿ ಅಪ್ಪನನ್ನ ಕೇಳಿದೆ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತಿದ್ದೀರಿ ಅಂತ. "ಐದೂವರೆಗೇ," ಅಂದರು. ಯಾಕೆ, ಪೆಟ್ಟಿಗೆ ಸರಿಯಾಗಿದೆಯಲ್ಲ ಅಂದೆ. "ಸರಿಯಾಗೈತೆ. ಅದು ಆಫ್ ಮಾಡ್ತಾ ಅಂತ ನೋಡಕ್ಕೆ."